ನಿನ್ನೆ ಏನಾಯಿತು ಎಂದು ಕೇಳುವ ಪಂಗಡ

ನಮ್ಮ ಮನೆಯಲ್ಲಿ ಯಾರಾದರೂ ಜಗಳ ಆಡಬೇಕೆಂದರೆ ಗ್ಯಾರೇಜಿಗೆ ಹೋಗಿ, ಬಾಗಿಲು ಹಾಕಿಕೊಂಡು, ಆಡಿ ಮುಗಿಸಿ ಬರುತ್ತಾರೆ. ಅಕ್ಕಪಕ್ಕದವರಿಗೆ ಕೇಳಿಸೀತು ಎಂಬ ಮರ್ಯಾದೆಗಲ್ಲ. ನಿಮ್ಮ ಅತ್ತೆಜ್ಜಿಗೆ ಕೇಳಿಸೀತು ಎಂಬ ಭಯಕ್ಕೆ! ಅವರು ಜಗಳ ಬಿಡಿಸುವವರಲ್ಲ, ಪಕ್ಷ ವಹಿಸುವವರೂ ಅಲ್ಲ. ಕುರ್ಚಿ ಎಳೆದುಕೊಂಡು ಇಬ್ಬರ ನಡುವೆ ಕೂತು, "ಹೂಂ, ಶುರುವಿಂದ ಹೇಳಿ. ನಿನ್ನೆ ಏನಾಯ್ತು?" ಎಂದು ಕೇಳುವವರು. ಹೇಳಿದರೆ, "ಅದಕ್ಕೂ ಮುಂಚೆ?" ಅದನ್ನೂ ಹೇಳಿದರೆ, "ಆಗ ಅಲ್ಲಿ ಯಾರ್ಯಾರಿದ್ರು? ಏನ್ ತಿಂತಿದ್ರಿ?" ಪಾತ್ರೆ ತೊಳೆಯುವ ಮಷೀನಿಗೆ ಸೌಟನ್ನು ಮೇಲ್ಮುಖವಾಗಿ ಇಡಬೇಕೋ ಕೆಳಮುಖವಾಗಿ ಇಡಬೇಕೋ ಎಂದು ನಿಮ್ಮ ಅಪ್ಪ ಅಮ್ಮ ಶುರು ಮಾಡಿದ ಜಗಳ ಒಮ್ಮೆ ಹೀಗೆಯೇ ಹಿಂದೆ ಹಿಂದೆ ಹೋಗಿ ಅವರ ಮದುವೆಯ ಮಾತುಕತೆಯವರೆಗೆ ಮುಟ್ಟಿತು. ಕೊನೆಗೆ ಇಬ್ಬರೂ ಸುಸ್ತಾಗಿ, ಒಂದಾಗಿ, ಅತ್ತೆಜ್ಜಿಯ ಮೇಲೆಯೇ ತಿರುಗಿಬಿದ್ದರು. ಸೌಟು ಇವತ್ತಿಗೂ ಅಡ್ಡಡ್ಡ ಮಲಗುತ್ತದೆ.

ಮಕ್ಕಳೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನನಗೆ ಬರೆಯುವ ಧೈರ್ಯ ಬಂದದ್ದೇ ಅದರಿಂದ! ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವವಳು ನಾನು. ಆದರೆ ನಿಮ್ಮ ತಂಗಿ ಪುಟ್ಟಿ ಶಾಲೆಯಲ್ಲಿ ಒಂದು ಹುಡುಗಿಗೆ ಹೊಡೆದ ಸುದ್ದಿ ಇಲ್ಲಿನ ಕನ್ನಡದವರ ಮನೆ ಮನೆ ಸುತ್ತಿ, "ಕಾಡಲ್ಲಿದ್ದು ಬಂದ ಆ ಅತ್ತೆ ಜೊತೆ ಬೆಳೆದ್ರೆ ಇನ್ನೇನಾಗುತ್ತೆ" ಎಂಬ ಮಾತಾಗಿ ನನ್ನ ಕಿವಿಗೆ ವಾಪಸು ಬಂದಿದೆ. ನಾಳೆ ಯಾರಾದರೂ ನಿಮಗೆ ಪುಟ್ಟಿ ಹುಟ್ಟಾ ಜಗಳಗಂಟಿ ಎಂದರೆ ನಂಬಬೇಡಿ. ಅತ್ತೆಜ್ಜಿ ಕೆಡಿಸಿದರು ಎಂದರೂ ನಂಬಬೇಡಿ. ನಡೆದದ್ದು ಏನು ಎಂದು ನಾನು ಹೇಳುತ್ತೇನೆ. ನಿಮ್ಮ ಅಮ್ಮ ಓದಿ ಹೇಳಲಿ, ಅದೂ ನಾನು ರೂಮಿನಲ್ಲಿ ಇಲ್ಲದಾಗ!

ಅತ್ತೆಜ್ಜಿ ಎಂದರೆ ನನ್ನ ನಾದಿನಿ, ನಿಮ್ಮ ತಾತನ ತಂಗಿ. ಕುಣಿಗಲ್ ಕಡೆಯ ಒಂದೇ ಹಳ್ಳಿಯ ಒಂದೇ ಶಾಲೆಯಲ್ಲಿ ನಾವಿಬ್ಬರೂ ಕಲಿತದ್ದು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಅವರು ಬಿಡಲೇ ಇಲ್ಲ! ಮೈಸೂರು, ಆಮೇಲೆ ಅಮೆರಿಕ, ಆಮೇಲೆ ದಕ್ಷಿಣ ಅಮೆರಿಕದ ಒಂದು ದೊಡ್ಡ ಕಾಡು. ಆ ಕಾಡಿನ ಒಂದು ಬುಡಕಟ್ಟಿನವರ ಜೊತೆ, ಅವರ ಬಾಳೆತೋಟದಲ್ಲಿ, ಅವರ ಹಾಗೆಯೇ ನೇತಾಡುವ ಬಲೆಯಲ್ಲಿ ಮಲಗಿ ಎರಡು ವರ್ಷ ಇದ್ದು ಬಂದರು. ಮನುಷ್ಯರನ್ನು ಓದುವ ಶಾಸ್ತ್ರವಂತೆ. ಈಗ ಅಮೆರಿಕದಲ್ಲಿ, ಬೆರ್ರಿಯೆಸಾದ ನಮ್ಮ ಮನೆಯ ಹಿತ್ತಲಲ್ಲಿ ನಿಂಬೆಗಿಡಕ್ಕೂ ಬೇಲಿಗೂ ಕಟ್ಟಿರುವ ಬಲೆ ನೋಡಿದ್ದೀರಲ್ಲ, ಅದು ಮಕ್ಕಳ ಉಯ್ಯಾಲೆ ಅಲ್ಲ. ನಿಮ್ಮ ಅತ್ತೆಜ್ಜಿಯ ಮಂಚ!

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಜನರಲ್ಲಿ ಒಬ್ಬರ ಹೆಸರನ್ನು ಮುಖಕ್ಕೆ ಮುಖ ಕೊಟ್ಟು ಕೇಳುವುದು ಅವಮಾನವಂತೆ. ಆ ಅಭ್ಯಾಸ ಇವರಿಗೆ ಎಷ್ಟು ಅಂಟಿದೆಯೆಂದರೆ, ಕಾಫಿ ಅಂಗಡಿಯ ಹುಡುಗಿ ಲೋಟದ ಮೇಲೆ ಬರೆಯಲು ಹೆಸರು ಕೇಳಿದರೆ, "ನಮ್ಮಿಬ್ಬರಿಗೆ ಅಷ್ಟು ಪರಿಚಯ ಇಲ್ಲ" ಎಂದುಬಿಡುತ್ತಾರೆ! ಆ ಹುಡುಗಿ ಎಂಥೆಂಥವರನ್ನೋ ನೋಡಿದವಳು. ಸುಮ್ಮನೆ ಲೋಟದ ಮೇಲೆ ಒಂದು ಗೂಬೆಯ ಚಿತ್ರ ಬರೆದು ಕೊಟ್ಟಳು.

ಈಗ ನಿಜವಾದ ಜಗಳಕ್ಕೆ ಬರೋಣ. ಆ ಬುಡಕಟ್ಟಿನ ಹಟ್ಟಿಗಳು ಒಂದರ ಮೇಲೊಂದು ದಾಳಿ ಮಾಡುತ್ತಿದ್ದವಂತೆ. ಯಾಕೆ ಮಾಡುತ್ತಿದ್ದವು ಎಂಬ ಬಗ್ಗೆ ಓದಿದವರು ಎಷ್ಟೋ ವರ್ಷಗಳಿಂದ ಕಿತ್ತಾಡುತ್ತಿದ್ದಾರೆ. ಆ ಕಾಡಿನವರೇ ಇಷ್ಟು ವರ್ಷ ಕಿತ್ತಾಡಿರಲಿಕ್ಕಿಲ್ಲ! ಒಂದು ಪಂಗಡ, "ಅದು ಅವರ ರಕ್ತದಲ್ಲೇ ಇದೆ, ಗಂಡಸರ ಹುಟ್ಟುಗುಣ" ಎನ್ನುತ್ತದೆ. ಇನ್ನೊಂದು, "ಕಾಡಿನಲ್ಲಿ ಬೇಟೆ ಸಾಲದು, ಮಾಂಸಕ್ಕಾಗಿ ಹೊಡೆದಾಟ" ಎನ್ನುತ್ತದೆ. ಮೂರನೆಯದು, "ಹೊರಗಿನವರು ಕೊಡಲಿ, ಮಚ್ಚು, ರೋಗ ಎಲ್ಲ ತಂದರು, ಅದರಿಂದ" ಎನ್ನುತ್ತದೆ. ಅತ್ತೆಜ್ಜಿಯನ್ನು ಒಮ್ಮೆ ಕೇಳಿದೆ.

"ನೀನು ಯಾವ ಪಂಗಡ ಕಣಮ್ಮಾ?"

"ನಿನ್ನೆ ಏನಾಯ್ತು ಅಂತ ಕೇಳೋ ಪಂಗಡ ಅತ್ತಿಗೆ."

"ಅದರಲ್ಲಿ ಎಷ್ಟು ಜನ ಇದ್ದೀರಿ?"

"ನಾನೊಬ್ಬಳೇ. ನೀವು ಸೇರ್ಕೊಂಡ್ರೆ ಇಬ್ಬರು."

ನಾನು ಕಾಫಿ ಸೋಸುವ ನೆಪದಲ್ಲಿ ಒಳಗೆ ಹೋದೆ. ಪಂಗಡ, ಸಂಘ ಎಂದರೆ ಮೊದಲಿನಿಂದಲೂ ನನಗೆ ಆಗುವುದಿಲ್ಲ.

ಇಲ್ಲೇ ಹತ್ತಿರದ ನೆವಾರ್ಕಿನಲ್ಲಿ ನಡೆದ, ಮನೆಗೊಂದು ಅಡುಗೆ ತರುವ ಕನ್ನಡದವರ ಪಾಟ್‌ಲಕ್ಕು ಊಟದಲ್ಲಿ, ಯಾರ ಮಗಳ ಡಾನ್ಸು ಮೊದಲು ಎಂದು ಇಬ್ಬರು ಅಪ್ಪಂದಿರಿಗೆ ಮಾತಿಗೆ ಮಾತು ಬೆಳೆಯಿತು. ಒಬ್ಬರು ಮೈಕು ಹಿಡಿದರು, ಇನ್ನೊಬ್ಬರು ಅದರ ವೈರು ಹಿಡಿದರು. ನಾನು ಮೊಸರನ್ನದ ತಟ್ಟೆ ಹಿಡಿದುಕೊಂಡು ಕಂಬದ ಹಿಂದೆ ನಿಂತೆ. ಅತ್ತೆಜ್ಜಿಯ ಮುಖದಲ್ಲಿ ಮಾತ್ರ ಹಬ್ಬ!

"ನೋಡಿ ಅತ್ತಿಗೆ, ಮಾಂಸ ಸಾಲದೆ ಹೊಡೆದಾಡ್ತಾರೆ ಅನ್ನೋರು ಈಗ ಇಲ್ಲಿದ್ದಿದ್ರೆ, ಪನೀರ್ ಮುಗಿದಿದ್ದೇ ಕಾರಣ ಅಂತ ಬರೆದು ಡಿಗ್ರಿ ತಗೊಂಡು ಹೋಗ್ತಿದ್ರು!"

"ಮೆತ್ತಗೆ ಮಾತಾಡು ತಾಯಿ."

"ಮೆತ್ತಗೆ ಯಾಕೆ? ಪನೀರ್ ಮುಗಿದಿರೋದು ನಿಜ ತಾನೆ?"

ಎಂದವರೇ ಆ ಇಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತು, ನಿನ್ನೆ ಏನಾಯ್ತು ಎಂದು ಶುರು ಹಚ್ಚಿದರು. ಒಬ್ಬರು ಇನ್ನೊಬ್ಬರನ್ನು ಆಫೀಸಿಗೆ ಕಾರಿನಲ್ಲಿ ಕರೆದುಕೊಂಡು ಹೋಗುವುದನ್ನು ಹೇಳದೆ ಕೇಳದೆ ನಿಲ್ಲಿಸಿದ್ದರು, ಡಾನ್ಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ಹೊರಬಿತ್ತು. ಹೆಂಡತಿಯರಿಗೂ ಗೊತ್ತಿರದ ವಿಷಯ, ಎಲ್ಲರೆದುರಿಗೆ! ಅವರಿಬ್ಬರೂ ಅಲ್ಲೇ ರಾಜಿಯಾದರು. ಮುಂದಿನ ಊಟಕ್ಕೆ ಅತ್ತೆಜ್ಜಿಯನ್ನು ಕರೆಯಬಾರದು ಎಂದು ಇಬ್ಬರೂ ಕೂಡಿಯೇ ಸಂಘಕ್ಕೆ ಹೇಳಿದರು.

ಮೆನ್ಲೋ ಪಾರ್ಕು ಎಂಬ ಊರಿನದು ಇದಕ್ಕಿಂತ ದೊಡ್ಡ ಪ್ರಸಂಗ. ಕೊಲ್ಲಿಯ ದಡದಲ್ಲಿರುವ ಒಂದು ಆಫೀಸಿನಲ್ಲಿ ಮಧ್ಯಾಹ್ನದ ಭಾಷಣ. ನಿಮ್ಮ ಅಪ್ಪನ ಗೆಳೆಯರೊಬ್ಬರು ಅಲ್ಲಿದ್ದಾರೆ. ವಿಷಯ ಆ ಬುಡಕಟ್ಟಿನದೇ ಎಂದು ಪಾಪ, ಪ್ರೀತಿಯಿಂದ ಅತ್ತೆಜ್ಜಿಯನ್ನು ಕರೆದರು. ನಾನು ಫ್ಲಾಸ್ಕು ಹೊತ್ತುಕೊಂಡು ಜೊತೆಗೆ ಹೋದೆ. ಭಾಷಣಕಾರ ಬಿಗಿ ಅಂಗಿಯ ಹುಡುಗ. ಆ ಕಾಡಿನಲ್ಲಿ ಕೊಂದ ಗಂಡಸರಿಗೆ ಹೆಂಡತಿಯರೂ ಹೆಚ್ಚು, ಮಕ್ಕಳೂ ಹೆಚ್ಚು ಎಂದು ಗೋಡೆಯ ಮೇಲೆ ಗೆರೆ ಹತ್ತಿಸಿ ತೋರಿಸಿದ. ಆದ್ದರಿಂದ ಹಿಂಸೆ ನಮ್ಮ ಹುಟ್ಟಿನಲ್ಲೇ ಇದೆ, ಆದ್ದರಿಂದ ವ್ಯಾಪಾರದಲ್ಲಿಯೂ ಮುನ್ನುಗ್ಗುವವನೇ ಗೆಲ್ಲುತ್ತಾನೆ ಎಂದ. ಕಾಡಿನ ಆ ಜನರಿಗೂ ಈ ಹುಡುಗನ ವ್ಯಾಪಾರಕ್ಕೂ ಯಾವ ಸೇತುವೆಯೋ! ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಜ್ಜಿ ಎದ್ದರು. ನಾನು ಸೆರಗು ಹಿಡಿದು ಎಳೆದೆ. ನಿಲ್ಲಲಿಲ್ಲ.

"ಅಪ್ಪಾ, ಕೊಲ್ಲೋಕೆ ಹೋಗಿ ತಾವೇ ಸತ್ತರಲ್ಲ, ಅವರ ಮಕ್ಕಳನ್ನ ಲೆಕ್ಕಕ್ಕೆ ತಗೊಂಡ್ಯಾ?"

ಹುಡುಗ ನೀರು ಕುಡಿದ.

"ಹೋಗಲಿ ಬಿಡು. ವಯಸ್ಸಾದ ಗಂಡಸಿಗೆ ಮಕ್ಕಳೂ ಜಾಸ್ತಿ ಇರ್ತವೆ, ಜಗಳಕ್ಕೆ ಹೋಗಿಬರೋಕೆ ಸಿಕ್ಕಿರೋ ಕಾಲವೂ ಜಾಸ್ತಿ ಇರುತ್ತೆ. ಬಿಳಿ ಕೂದಲೂ ಜಾಸ್ತಿ ಇರುತ್ತೆ. ಬಿಳಿ ಕೂದಲಿಂದ ಮಕ್ಕಳು ಹುಟ್ತವೆ ಅಂತೀಯಾ?"

ಇದನ್ನೆಲ್ಲ ಹೇಳಿದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷು ನನಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ, ಹಾಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಮಾತ್ರ ಅತ್ತೆಜ್ಜಿಗೆ ನಗು ಬರಲಿಲ್ಲ. "ಅವರು ನಿನ್ನ ಗೆರೆ ಅಲ್ಲ. ಅವರು ಜನ" ಎಂದು ಕೂತುಬಿಟ್ಟರು. ಇವರಿಗೇಕೆ ಇಷ್ಟು ಸಿಟ್ಟು ಎಂದು ನನಗೆ ಅರ್ಥವೇ ಆಗಲಿಲ್ಲ. ಎಲ್ಲೋ ಇರುವ ಜನ, ಎಂದೋ ಆಡಿದ ಜಗಳ!

ಇನ್ನು ಪುಟ್ಟಿಯ ವಿಷಯ.

ನವೆಂಬರು ಬರುತ್ತಲೇ ಅವಳ ಕ್ಲಾಸಿನಲ್ಲಿ ತೀರಿಹೋದವರಿಗಾಗಿ ಒಂದು ಮೇಜು ಅಲಂಕರಿಸಿದರು. ಇಲ್ಲಿನ ಮೆಕ್ಸಿಕೋ ಕಡೆಯವರ ಹಬ್ಬ ಅದು. ಹಳದಿ ಹೂವು, ಬಣ್ಣದ ಕಾಗದ, ಬ್ಯಾಟರಿ ಮೇಣದ ಬತ್ತಿ. ಮಕ್ಕಳೆಲ್ಲ ತಮ್ಮ ಮನೆಯ ಫೋಟೋ ತರಬೇಕು. ಪುಟ್ಟಿ ತಾತನ ಫೋಟೋ ಒಯ್ದಳು. ಊರಿನಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ನನ್ನಿಂದ ಕೇಳಿದ್ದಳಲ್ಲ, ತಾತನಿಗೆ ಇಷ್ಟ ಎಂದು ನನ್ನ ಕೈಲಿ ಕೋಡುಬಳೆ ಕರಿಸಿಕೊಂಡು ಅದನ್ನೂ ಒಯ್ದಳು. ಮೊದಲು ಕಾಗೆ ಮುಟ್ಟಬೇಕು, ಆಮೇಲೆ ಮನುಷ್ಯರು ಎಂದು ನಾನು ಹೇಳಿದ್ದೆ. ಅದಕ್ಕೇ ಟೀಚರನ್ನು ಬೇಡಿಕೊಂಡು, ಆ ಮೇಜಿನ ಪಕ್ಕದ ಕಿಟಕಿ ತೆಗೆಸಿದ್ದಳಂತೆ. ಆ ಚಳಿಯಲ್ಲಿ! ಇಡೀ ಕ್ಲಾಸು ಸ್ವೆಟರು ಹಾಕಿಕೊಂಡು ಕಾಗೆಗೆ ಕಾದಿತ್ತಂತೆ.

ಕಾಗೆ ಬರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಪಕ್ಕದ ಬೆಂಚಿನ ಹುಡುಗಿ ಎದ್ದು ಹೋಗಿ ತಾತನ ಮುಂದಿದ್ದ ಕೋಡುಬಳೆ ತೆಗೆದು ಕಟುಂ ಎಂದು ಕಡಿದಳು. ನಮ್ಮ ಪುಟ್ಟಿ ಊಟದ ಚೀಲ ಬೀಸಿ ಅವಳ ಭುಜಕ್ಕೆ ಒಂದು ಕೊಟ್ಟಳು.

ಶಾಲೆಯಿಂದ ಫೋನು. ನಿಮ್ಮ ಅಮ್ಮ ಹಲ್ಲಿನ ಡಾಕ್ಟರು, ಯಾರದೋ ಬಾಯಿ ತೆರೆಸಿಟ್ಟುಕೊಂಡಿದ್ದಳು. ಅಪ್ಪ ಫ್ಯಾಕ್ಟರಿಯಲ್ಲಿ. ಕೊನೆಗೆ ಹೋದವರು ನಾವಿಬ್ಬರು, ಮಾತೇ ಆಡದವಳು ಒಬ್ಬಳು, ಮಾತು ನಿಲ್ಲಿಸದವರು ಒಬ್ಬರು! ಕೌನ್ಸೆಲರು ಎಂದರೆ ಮಕ್ಕಳ ಮನಸ್ಸು ನೋಡುವವರು. ವಯಸ್ಸು ಚಿಕ್ಕದು, ದನಿ ಬೆಣ್ಣೆ. ಪುಟ್ಟಿಯಲ್ಲಿ "ಆಕ್ರಮಣದ ಸ್ವಭಾವ" ಕಾಣಿಸುತ್ತಿದೆ, ಕೋಪದ ಮಕ್ಕಳ ಗುಂಪಿಗೆ ಹಾಕಬೇಕು, ಅವಳ ಶಾಲೆಯ ದಾಖಲೆಯಲ್ಲಿಯೂ ಅದನ್ನು ಬರೆಯಬೇಕಾಗುತ್ತದೆ ಎಂದರು. ಪುಟ್ಟಿ ನನ್ನ ಪಕ್ಕದಲ್ಲಿ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಅವು ಯಾರದೋ ಕೈಗಳು ಎಂಬಂತೆ.

"ಯಾಕೆ ಹೊಡೆದೆ ಅಂತ ಕೇಳಿದ್ರಾ?" ಎಂದರು ಅತ್ತೆಜ್ಜಿ.

"ಯಾಕೆ ಎಂದು ನಾವು ಮಕ್ಕಳನ್ನು ಕೇಳುವುದಿಲ್ಲ. ಅದು ತಪ್ಪು ಹೊರಿಸಿದ ಹಾಗೆ. ಮೈಯ ಯಾವ ಭಾಗದಲ್ಲಿ ಕೋಪ ಇತ್ತು ಎಂದು ಕೇಳುತ್ತೇವೆ."

"ಕೈಯಲ್ಲಿತ್ತು! ಇನ್ನೆಲ್ಲಿರುತ್ತೆ?"

ಕೌನ್ಸೆಲರು ನಕ್ಕು, ತಲೆ ಓರೆ ಮಾಡಿ, ಇನ್ನೂ ಮೆತ್ತಗೆ ಕೇಳಿದರು. "ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಸಂಸ್ಕೃತಿಯಲ್ಲಿ... ಮನೆಯಲ್ಲಿ ಹೊಡೆಯುವುದು ಸಹಜವೇ?"

ಅಗೋ! ಇಷ್ಟು ವರ್ಷ ಅತ್ತೆಜ್ಜಿ ಹೇಳುತ್ತಿದ್ದದ್ದು ನನ್ನ ತಲೆಗೆ ಹೊಳೆದದ್ದು ಆಗ. ಸ್ವೆಟರು, ಸೀರೆ, ಕಾಲಿಗೆ ಶೂಸು ಹಾಕಿಕೊಂಡು ಕೂತಿದ್ದ ನಾವೇ ಈಗ ಕಾಡಿನವರು! ಎದುರಿಗೆ ಕೂತವರು ಪಂಡಿತರು. ನಮ್ಮ ರಕ್ತದಲ್ಲಿ ಏನಿದೆ ಎಂದು ಹುಡುಕುತ್ತಿದ್ದಾರೆ. ಒಂದು ಕೋಡುಬಳೆಯ ವಿಷಯ ಮಾತ್ರ ಯಾರಿಗೂ ಬೇಕಾಗಿಲ್ಲ!

ಅತ್ತೆಜ್ಜಿ ಏನು ಮಾಡಬೇಕಿತ್ತು? ಶಾಂತವಾಗಿ ತಿಳಿಹೇಳಬೇಕಿತ್ತು. ಏನು ಮಾಡಿದರು? ಮೇಜಿಗೆ ಧಡ್ಡೆಂದು ಗುದ್ದಿದರು! ಪೆನ್ನಿನ ಡಬ್ಬಿ ಉರುಳಿತು. ಕೌನ್ಸೆಲರು ಕೂತಿದ್ದ, ಗಾಲಿ ಇದ್ದ ಆಫೀಸು ಕುರ್ಚಿ ತಾನೇ ತಾನಾಗಿ ಹಿಂದಕ್ಕೆ ಸರಿದು ಗೋಡೆಗೆ ತಾಗಿತು. ಮಗುವಿಗೆ ಈ ಗುಣ ಎಲ್ಲಿಂದ ಬಂತು ಎಂಬ ಅವರ ಸಂಶಯಕ್ಕೆ ಬೇಕಾದ ಸಾಕ್ಷಿ ಅಲ್ಲೇ ಸಿಕ್ಕಿಬಿಟ್ಟಿತು.

ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅತ್ತೆಜ್ಜಿ ಮಾತ್ರ ಎದ್ದು ನೇರವಾಗಿ ಹೊರಗೆ ಹೋದರು. ಹೊರಗಿನ ಬೆಂಚಿನಲ್ಲಿ ಆ ಇನ್ನೊಂದು ಹುಡುಗಿ ಅಪ್ಪನ ಜೊತೆ ಕೂತಿದ್ದಳು. ವಿಯೆಟ್ನಾಮಿನ ಕಡೆಯವರು. ಅತ್ತೆಜ್ಜಿ ಅವಳ ಮುಂದೆ ಭುಜ ಮುಂದೊಡ್ಡಿ ನಿಂತರು.

"ನಮ್ಮ ಮಗು ನಿನಗೆ ಹೊಡೆದಿದೆ. ನಾನು ಹಿಂದೆ ಇದ್ದ ಊರಲ್ಲಿ ಒಬ್ಬರು ಹೊಡೆದ್ರೆ ಇನ್ನೊಬ್ಬರಿಗೂ ಒಂದು ಏಟು ಕೊಡೋ ಹಕ್ಕಿದೆ. ಅವಳ ಪರವಾಗಿ ನಾನಿದೀನಿ. ಹೊಡಿ."

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ, "ಆಂಟಿ, ಇಟ್ಸ್ ಓಕೆ, ಇಟ್ಸ್ ಓಕೆ" ಎಂದು ಎದ್ದೇ ನಿಂತರು. ಅತ್ತೆಜ್ಜಿ ಅಲ್ಲಾಡಲಿಲ್ಲ. ಕೊನೆಗೆ ಆ ಮಗು ಒಂದು ಬೆರಳು ಚಾಚಿ, ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟುವ ಹಾಗೆ, ಅತ್ತೆಜ್ಜಿಯ ಭುಜ ಮುಟ್ಟಿ ಹಿಂದೆ ತೆಗೆದುಕೊಂಡಿತು.

"ಆಯ್ತಾ? ಸರಿ. ಈಗ ಎಲ್ಲಾರೂ ಕೂತು ತಿನ್ನೋದು" ಎಂದು ಅತ್ತೆಜ್ಜಿ ನನ್ನ ಚೀಲಕ್ಕೆ ಕೈ ಹಾಕಿ, ಮನೆಯಿಂದ ಹೊರಡುವಾಗ ನಾನು ಪೊಟ್ಟಣ ಕಟ್ಟಿಕೊಂಡಿದ್ದ ಉಳಿದ ಕೋಡುಬಳೆ ತೆಗೆದರು. ಎಲ್ಲರೂ ಕಟುಂ ಕಟುಂ ಎನ್ನಿಸುತ್ತಿರುವಾಗ ಮೆಲ್ಲಗೆ ಕೇಳಿದರು.

"ಹೇಳು ಮರಿ. ನೀನು ಎದ್ದು ಹೋಗೋಕೆ ಮುಂಚೆ ಏನಾಯ್ತು?"

"ಟೀಚರ್ ಕ್ಯಾಂಡಲ್ ಆಫ್ ಮಾಡಿದ್ರು" ಎಂದಿತು ಮಗು.

ಅಷ್ಟೆ. ಉಳಿದದ್ದನ್ನು ಅದರ ಅಪ್ಪ ಹೇಳಿದರು. ಅವರ ಮನೆಯಲ್ಲಿಯೂ ಹಿರಿಯರ ಫೋಟೋ ಮುಂದೆ ತಿಂಡಿ, ಹಣ್ಣು ಇಟ್ಟು ಊದುಬತ್ತಿ ಹಚ್ಚುತ್ತಾರಂತೆ. ಊದುಬತ್ತಿ ಆರಿತು ಎಂದರೆ ಹಿರಿಯರು ಉಂಡಾಯಿತು ಎಂದು ಅರ್ಥ. ಆಮೇಲೆ ಮಕ್ಕಳು ತಿನ್ನಬೇಕು, ಅದೇ ಆಶೀರ್ವಾದ. ಕ್ಲಾಸಿನ ಬತ್ತಿ ಆರಿದ್ದನ್ನು ನೋಡಿ ಆ ಮಗು, ಪುಟ್ಟಿಯ ತಾತನ ಊಟ ಮುಗಿಯಿತು ಎಂದುಕೊಂಡಿತು. ಎಲ್ಲರ ತಾತಂದಿರ ಪೈಕಿ ನಿಮ್ಮ ತಾತನಿಗೇ ಮೊದಲ ಮರ್ಯಾದೆ ಮಾಡಿತ್ತು! ನಮ್ಮ ಮಗು ಕಾಗೆಗೆ ಕಾದಿತ್ತು, ಅವರ ಮಗು ಬತ್ತಿಗೆ ಕಾದಿತ್ತು. ಇದರಲ್ಲಿ ರಕ್ತ ಎಲ್ಲಿ ಬಂತು? ಸ್ವಭಾವ ಎಲ್ಲಿ ಬಂತು?

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಕೌನ್ಸೆಲರ ಕಣ್ಣು ಒದ್ದೆಯಾಯಿತು. ಆದರೂ ನಿಯಮ ನಿಯಮವೇ. "ಕಾರಣ ಏನೇ ಇರಲಿ, ಹೊಡೆದವರು ಗುಂಪಿಗೆ ಬರಲೇಬೇಕು. ಬಂದು ಹೋದ ಮೇಲೆ ದಾಖಲೆಯ ಮಾತು ನೋಡೋಣ" ಎಂದರು.

"ಹೊಡೆದವರೆಲ್ಲಾ ಬರಬೇಕಾ?"

"ಹೌದು."

"ಹಾಗಾದ್ರೆ ನಾನೂ ಬರ್ತೀನಿ. ನಾನು ಹೊಡೆದಿದ್ದು ನಿಮ್ಮ ಮೇಜಿಗೆ, ನಿಮ್ಮ ಕಣ್ಣ ಮುಂದೆ!"

ದೊಡ್ಡವರಿಗೆ ಅವಕಾಶ ಇಲ್ಲ ಎಂದರು. ಅತ್ತೆಜ್ಜಿ ಪ್ರಿನ್ಸಿಪಾಲರ ರೂಮಿನ ಎದುರು ಬಲೆ ಕಟ್ಟಲು ಜಾಗ ನೋಡಿದರು. ಕೊನೆಗೆ ವಾಲಂಟಿಯರು ಎಂಬ ಹೆಸರಿನಲ್ಲಿ, ಇಲ್ಲಿನ ನಿಯಮದಂತೆ ಬೆರಳ ಗುರುತು ಕೊಟ್ಟು, ಒಳಗೆ ಸೇರಿಕೊಂಡರು. "ಅಲ್ಲ ಕಣಮ್ಮಾ, ಈ ವಯಸ್ಸಿನಲ್ಲಿ ಚಿಕ್ಕ ಮಕ್ಕಳ ಜೊತೆ ಶಿಕ್ಷೆಗೆ ಕೂರ್ತೀಯಾ? ಜನ ಏನಂತಾರೆ?" ಎಂದೆ. "ಅವಳೊಬ್ಬಳನ್ನೇ ಆ ಕುರ್ಚೀಲಿ ಕೂರಿಸಿದ್ರೆ ಅವಳು ಅವರ ಮಾತನ್ನ ನಂಬಿಬಿಡ್ತಾಳೆ ಅತ್ತಿಗೆ. ಜನ ಏನಾದ್ರೂ ಅನ್ಲಿ" ಎಂದರು. ಆ ದಿನ ನಾನು ಅವರ ಪಂಗಡ ಸೇರಿದೆ. ಇದುವರೆಗೂ ಯಾರಿಗೂ ಹೇಳಿರಲಿಲ್ಲ, ಈಗ ಬರೆದೇಬಿಟ್ಟೆ!

ಗುರುವಾರ ಶಾಲೆ ಬಿಟ್ಟ ಮೇಲೆ ಗುಂಪು. ಮಕ್ಕಳ ಕುರ್ಚಿ ಎಷ್ಟು ಗಿಡ್ಡವೆಂದರೆ ಅತ್ತೆಜ್ಜಿಯ ಮಂಡಿ ಕಿವಿಗೆ ಬರುತ್ತಿತ್ತು. ಬಾಗಿಲು ಒದ್ದವನು ಒಬ್ಬ, ತಮ್ಮನನ್ನು ಕಚ್ಚಿದವಳು ಒಬ್ಬಳು, ನಮ್ಮ ಪುಟ್ಟಿ, ಅತ್ತೆಜ್ಜಿ. ನಾನು ಬಾಗಿಲ ಹೊರಗೆ, ಫ್ಲಾಸ್ಕಿನ ಜೊತೆ. ತುಂಬ ಸಿಟ್ಟು ಬಂದ ಒಂದು ದಿನದ ಬಗ್ಗೆ ಪ್ರತಿಯೊಬ್ಬರೂ ಹೇಳಬೇಕು ಎಂದರು ಕೌನ್ಸೆಲರು. ಬಾಗಿಲು ಹೇಳಿತು, ಕಚ್ಚು ಹೇಳಿತು. ಅತ್ತೆಜ್ಜಿಯ ಸರದಿ ಬಂದಾಗ ನಾನು, ಮುಗಿಯಿತು, ಇನ್ನು ಮೆನ್ಲೋ ಪಾರ್ಕಿನ ಬಿಗಿ ಅಂಗಿಯ ಹುಡುಗನ ಕಥೆ ಎಂದುಕೊಂಡೆ.

ಅತ್ತೆಜ್ಜಿ ನೆಲ ನೋಡುತ್ತ ಹೇಳಿದರು. ಆ ಕಾಡಿನಲ್ಲಿ ದಿನವೂ ಅವರ ಸೊಂಟ ಏರಿ ಕೂರುತ್ತಿದ್ದ ಒಂದು ಹೆಣ್ಣುಮಗು ಇತ್ತಂತೆ. ಇವರ ಜಡೆಯನ್ನು ಲಗಾಮು ಮಾಡಿಕೊಂಡು ತೋಟಕ್ಕೆಲ್ಲ ಓಡಿಸುತ್ತಿತ್ತಂತೆ. ಒಂದು ದಿನ ಹೊರಗಿನಿಂದ ದಡಾರ ಬಂತು. ಯಾವ ದೋಣಿಯಲ್ಲಿ ಬಂತೋ, ಇವರದೇ ದೋಣಿಯಲ್ಲಿ ಬಂತೋ, ಯಾರೂ ಹೇಳಲಾರರು. ಮಗು ಹೋಯಿತು. ಕೆಳಗಿನ ಹಟ್ಟಿಯವರು ಮಾಟ ಮಾಡಿಸಿದರು ಎಂದು ಮಗುವಿನ ಅಪ್ಪ ಬಿಲ್ಲು ಹಿಡಿದು ಹೋದ. ಹೋದವನು ವಾಪಸು ಬರಲಿಲ್ಲ. "ಆಮೇಲೆ ಓದಿದೋರು, ಅವರು ಹುಟ್ಟಾ ಜಗಳಗಂಟರು ಅಂತ ಬರೆದ್ರು" ಎಂದು ನಿಲ್ಲಿಸಿದರು.

ಕಚ್ಚಿದ ಹುಡುಗಿ ಕೇಳಿದಳು. "ಆಗ ನೀವು ಯಾರಿಗೆ ಹೊಡೆದ್ರಿ?"

"ಯಾರಿಗೂ ಇಲ್ಲ ಮರಿ. ಯಾರಿಗೆ ಹೊಡೀಬೇಕು ಅಂತ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ, ಇವರ ಹೊಟ್ಟೆಯಲ್ಲಿ ಇಂಥದ್ದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ನಡೆದು ಬರುವಾಗ ಪುಟ್ಟಿ ಅವರ ಪಕ್ಕ ಬಿಡಲಿಲ್ಲ.

ಕೆಲವು ವಾರ ಕಳೆದ ಮೇಲೆ ಶಾಲೆಯಿಂದ ಮತ್ತೆ ಫೋನು ಬಂತು. ಪುಟ್ಟಿಯದು ಮುಗಿಯಿತು, ಇನ್ನು ಗುಂಪಿಗೆ ಬರಬೇಕಾಗಿಲ್ಲ, ದಾಖಲೆಯಲ್ಲಿ ಏನೂ ಬರೆಯುವುದಿಲ್ಲ ಎಂದರು. ನಿಮ್ಮ ಅಮ್ಮ ಕುಣಿದಾಡಿದಳು. ಆ ಗುರುವಾರ ಪುಟ್ಟಿಯನ್ನು ಕರೆತರಲು ನಾನೊಬ್ಬಳೇ ಹೊರಟೆ. ಗೇಟಿನ ಹತ್ತಿರ ಹೋದರೆ, ಅತ್ತೆಜ್ಜಿ ಆಗಲೇ ಶಾಲು ಹೊದ್ದು ನಿಂತಿದ್ದಾರೆ! "ಸುಮ್ನೆ ವಾಕಿಂಗಿಗೆ ಬಂದೆ" ಎಂದರು, ನನ್ನ ಮುಖ ನೋಡದೆ.

ಪುಟ್ಟಿ ಹೊರಗೆ ಬಂದವಳು ನನ್ನ ಕಡೆ ಬರಲಿಲ್ಲ. ತನ್ನ ಚೀಲ ನನ್ನ ಕೈಗೆ ಕೊಟ್ಟು, ಅತ್ತೆಜ್ಜಿಯ ಕೈ ಹಿಡಿದು, ಶಾಲೆಯ ಒಳಕ್ಕೆ ತಿರುಗಿದಳು.

"ಎಲ್ಲಿಗೆ ಪುಟ್ಟಿ? ನಿಂದು ಮುಗೀತಲ್ಲ!" ಎಂದೆ.

"ಐಯಾಮ್ ಡನ್, ಅಜ್ಜಿ" ಎಂದಳು. "ಬಟ್ ಷಿ ಈಸ್ ನಾಟ್ ಡನ್. ನೀವು ಇಲ್ಲೇ ಇರಿ, ನಾನು ಅತ್ತೆಜ್ಜಿ ಜೊತೆ ಕೂತ್ಕೋತೀನಿ."